ಬಾಣಂತಿ ಮನೆಯ ಬಿಸಿನೀರು ಹೋದ ದಾರಿ

೨೦೦೫ನೇ ಇಸವಿಯ ಚಳಿಗಾಲ. ಆಗ ನನ್ನ ಕೆಲಸ ಬಸವೇಶ್ವರನಗರ, ರಾಜಾಜಿನಗರ, ವಿಜಯನಗರದ ಮನೆಗಳಿಗೆ ಹೋಗಿ ಬಾಣಂತಿಯರಿಗೂ ಹಸುಗೂಸುಗಳಿಗೂ ನೀರು ಹಾಕುವುದು. ನೀರು ಹಾಕುವುದು ಎಂದರೆ ಬರೀ ಸ್ನಾನ ಮಾಡಿಸುವುದು ಅಂದುಕೊಳ್ಳಬೇಡಿ. ಮಗುವಿನ ಮೈಗೆ ಎಣ್ಣೆ ತೀಡಿ, ಕಾಲು ಚಾಚಿ ಕುಳಿತು, ಮೊಣಕಾಲ ಮೇಲೆ ಬೋರಲು ಮಲಗಿಸಿಕೊಂಡು, ಮೂಗು ಬಾಯಿಗೆ ಒಂದು ಹನಿ ಹೋಗದ ಹಾಗೆ ಹದವಾದ ನೀರು ಹೊಯ್ಯಬೇಕು. ಬಾಣಂತಿಗಾದರೆ ಬೇರೆ. ಅವಳ ತಲೆಗೆ ಹರಳೆಣ್ಣೆ ಒತ್ತಿ, ಸೀಗೆಪುಡಿ ಹಾಕಿ ತಿಕ್ಕಿ, ಸೊಂಟಕ್ಕೆ ಸುಡುಸುಡು ನೀರನ್ನು ಚೊಂಬಿನಿಂದ ಬೀಸಿ ಬೀಸಿ ಹೊಡೆಯಬೇಕು. ಹೆತ್ತ ಮೈಯ ನೋವೆಲ್ಲ ಆ ಹೊಡೆತಕ್ಕೆ ಇಳಿಯಬೇಕು. ನಾನು ಓದಿದ್ದು ಮೂರನೆಯ ಕ್ಲಾಸು. ಗಂಡನ ಮನೆಯವರು ಅಗ್ರಹಾರ ದಾಸರಹಳ್ಳಿಯ ಹಳೆಯ ಒಕ್ಕಲು. ಹೊಲವೆಲ್ಲ ಲೇಔಟ್ ಆದ ಮೇಲೆ ನನ್ನ ಅತ್ತೆಯಿಂದ ಈ ಕೆಲಸ ಕಲಿತೆ. ನನ್ನ ಕೆಲಸಕ್ಕೆ ಬೇಕಾದ ಸಾಮಾನು ಎರಡೇ, ನನ್ನ ಎರಡು ಕೈ ಮತ್ತು ಬೇಕಾದಷ್ಟು ಬಿಸಿನೀರು.

ಮೊನ್ನೆ ನನ್ನ ಮೊಮ್ಮಗಳ ಕೂಸಿಗೆ ನಾನೇ ನೀರು ಹಾಕಿದೆ ನೋಡಿ! ಮಣೆಯ ಮೇಲೆ ಕುಳಿತರೆ ಏಳಲು ಇಬ್ಬರು ಬೇಕು ಈಗ, ಆದರೂ ಬಿಡಲಿಲ್ಲ. ಆ ಪುಟಾಣಿ ಬೆನ್ನಿನ ಮೇಲೆ ಕೈ ಆಡಿಸುವಾಗ ಆದ ಸಂತೋಷಕ್ಕೆ ನಾನು ನೀರು ಹಾಕಿದ ಮಕ್ಕಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಅದರಲ್ಲಿ ಒಂದು ಮಗು, ಒಂದು ಮನೆ ಮಾತ್ರ ಮುಂದಕ್ಕೆ ಹೋಗದೆ ಅಲ್ಲೇ ನಿಂತುಬಿಟ್ಟಿತು. ಆ ಮನೆಯ ವಿಷಯವನ್ನೇ ಹೇಳುತ್ತೇನೆ.

ಮನೆ ಬಸವೇಶ್ವರನಗರದಲ್ಲಿ, ಬಸ್ ಸ್ಟಾಪಿನಿಂದ ಒಳಗೆ ನಾಲ್ಕು ಹೆಜ್ಜೆ. ಕೆಳಗೆ ಮಾಲೀಕರು, ಮೇಲೆ ಒಂದು ಬಾಡಿಗೆ ಪೋರ್ಷನ್. ಮನೆಯ ಯಜಮಾನ ಶ್ರೀನಿವಾಸಯ್ಯ ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರ ತಾಯಿ ಶಾರದಮ್ಮ, ಎಲ್ಲರ ಬಾಯಲ್ಲೂ ಅಜ್ಜಿ. ಮಡಿ, ಪೂಜೆ, ನೇಮ ಅಂದರೆ ಪ್ರಾಣ. ಶ್ರೀನಿವಾಸಯ್ಯನ ಹೆಂಡತಿ ವಿಜಯಮ್ಮ ಮಾತೇ ಆಡದ ಹೆಂಗಸು. ಅತ್ತೆ ಹಾಕಿದ ಗೆರೆ ದಾಟಿದವರಲ್ಲ. ಅವರ ಒಬ್ಬಳೇ ಮಗಳು ಸುಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ಗಂಡು. ಹಿಡಿದರೆ ಬೆರಳ ಸಂದಿಯಿಂದ ಜಾರಿ ಹೋದೀತು ಅನ್ನುವಷ್ಟು ಸಣ್ಣದು. ತೂಕ ಸ್ವಲ್ಪ ಏರಿದ ಮೇಲೆ ಡಾಕ್ಟರಮ್ಮ ನೀರು ಹಾಕಲು ಒಪ್ಪಿಗೆ ಕೊಟ್ಟರು. ಜೊತೆಗೆ ನನ್ನನ್ನು ಕರೆದು, "ಗೌರಮ್ಮ, ನೀರು ಬೆಚ್ಚಗಿರಬೇಕು, ಬೇಗ ಮುಗಿಸಬೇಕು. ಈ ಮಗುಗೆ ಥಂಡಿ ಆಗ್ಲೇಬಾರದು" ಎಂದು ಗಟ್ಟಿಯಾಗಿ ಹೇಳಿದ್ದರು.

ಹೆರಿಗೆಗೆ ಮುಂಚೆಯೇ ಶ್ರೀನಿವಾಸಯ್ಯ ಟೆರೇಸಿನ ಮೇಲೆ ಸೋಲಾರ್ ಹಾಕಿಸಿದ್ದರು. ಹಳೆಯ ಗೀಸರ್ ಹಾಕಿದಾಗಲೆಲ್ಲ ಫ್ಯೂಸ್ ಹಾರುತ್ತಿತ್ತು, ಕರೆಂಟ್ ಬಿಲ್ಲು ಬಂದ ದಿನ ಮನೆಯಲ್ಲಿ ಮೌನ. ಅದನ್ನು ಬಿಚ್ಚಿಸಿ ಗುಜರಿಗೆ ಕೊಟ್ಟು, "ಇನ್ಮೇಲೆ ಈ ಮನೇಲಿ ಬಿಸಿನೀರಿಗೆ ಕರೆಂಟ್ ಅನ್ನೋ ಮಾತೇ ಇಲ್ಲ. ಸೂರ್ಯ ಇದಾನೆ, ಸಾಕು" ಎಂದು ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದ್ದರು. ಬಚ್ಚಲಿನಲ್ಲಿದ್ದ ಹಂಡೆ ಒಲೆಯನ್ನು ಟೈಲ್ಸ್ ಹಾಕಿಸುವಾಗಲೇ ಒಡೆಸಿ ಆಗಿತ್ತು.

ಆದರೆ ಸೋಲಾರ್ ಆಟ ಕಟ್ಟಿತು. ಸಂಜೆ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಬೆಳಗ್ಗೆ ನಾನು ಎಂಟು ಗಂಟೆಗೆ ಹೋಗಿ ತಿರುಗಿಸಿದರೆ ಬಾವಿ ನೀರಿನ ಹಾಗೆ ತಣ್ಣಗೆ. ವಿಜಯಮ್ಮ ಪಾಪ, ಗ್ಯಾಸಿನ ಮೇಲೆ ದೊಡ್ಡ ದೊಡ್ಡ ಪಾತ್ರೆ ಇಟ್ಟು ಕಾಯಿಸಿ, ಬಟ್ಟೆ ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ಹೊತ್ತು ತರುತ್ತಿದ್ದರು. ಸಿಲಿಂಡರ್ ಮುಗಿಯಿತು, ಇನ್ನೊಂದು ಬರಲು ತಡವಾಯಿತು. ಬಕೆಟ್ಟಿಗೆ ಇಳಿಬಿಡುವ ಕರೆಂಟ್ ಕಾಯಿಲ್ ಹಾಕೋಣ ಅಂದರೆ ಅದರಿಂದ ಒಂದು ಸಲ ಶಾಕ್ ಹೊಡೆಸಿಕೊಂಡಿದ್ದ ಶ್ರೀನಿವಾಸಯ್ಯ ಕೂಸಿರುವ ಮನೆಯಲ್ಲಿ ಅದು ಬೇಡವೇ ಬೇಡ ಎಂದರು. ಸೋಲಾರನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವರು ಅಜ್ಜಿಯೇ. "ಆ ಸೂರ್ಯನ್ನ ನಂಬ್ಕೊಂಡು ಒಲೆ ಒಡೆಸಿದ್ಯಲ್ಲೋ! ನನ್ನ ಹಂಡೆ ಇದ್ದಿದ್ರೆ ಇಷ್ಟೊತ್ತಿಗೆ ನೀರು ಕೊತಕೊತ ಅಂತಿತ್ತು."

ಒಂದು ಮಂಗಳವಾರ ಕೆಟ್ಟದ್ದೇ ಆಯಿತು. ಕಾಯಿಸಿದ ನೀರು ಮುಗಿಯಿತು, ಸುಮಾಳ ತಲೆ ತುಂಬ ಸೀಗೆ, ನಲ್ಲಿಯಿಂದ ಬಂದದ್ದು ತಣ್ಣೀರು. ಅವಳು ಗಡಗಡ ನಡುಗುತ್ತಾ ಕುಳಿತಿದ್ದಾಳೆ. ಅತ್ತ ವಿಜಯಮ್ಮ ಒಲೆ ಮುಂದೆ ನಿಂತು ನೀರು ಕಾಯುವುದನ್ನೇ ನೋಡುತ್ತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಸುಮಾಗೆ ಸೀನು, ಕೆಮ್ಮು. ಸಂಜೆ ಅವಳನ್ನು ನೋಡಲು ನಾನು ಮತ್ತೆ ಹೋಗಿದ್ದಾಗಲೇ ಸರಿಯಾಗಿ ಅವಳ ಅತ್ತೆ ನಾಗವೇಣಮ್ಮ ನಾಗರಬಾವಿಯಿಂದ ಮೊಮ್ಮಗನನ್ನು ನೋಡಲು ಬಂದರು. ಸೊಸೆಯ ಕೆಮ್ಮು ಕೇಳಿದ್ದೇ ತಡ, ಬ್ಯಾಗು ಕೆಳಗಿಡದೆ ಶುರು ಮಾಡಿದರು.

"ಏನ್ರೀ ವಿಜಯಮ್ಮ, ಬಾಣಂತಿಗೆ ಬಿಸಿನೀರು ಕೊಡೋಕಾಗಲ್ವಾ ನಿಮ್ಮನೇಲಿ? ನಮ್ಮನೇಲಿ ಬಚ್ಚಲಿಗೊಂದು ಗೀಸರ್ ಇದೆ. ಭಾನುವಾರ ಒಳ್ಳೆ ದಿನ, ಕಾರು ತಗೊಂಡು ಬರ್ತೀನಿ. ತಾಯಿ ಮಗೂನ ಕಳಿಸಿಬಿಡಿ."

ಚೊಚ್ಚಲ ಬಾಣಂತನ ಅರ್ಧಕ್ಕೆ ನಿಂತು ಮಗಳು ಹೋಗುವುದು ಎಂದರೆ ತವರಿಗೆ ಎಂಥ ಅವಮಾನ! ಅದಕ್ಕಿಂತ ಹೆಚ್ಚಾಗಿ ಸುಮಾಗೆ ಅಲ್ಲಿಗೆ ಹೋದರೆ ಮಲಗುವ ಯೋಗವಿರಲಿಲ್ಲ. ದೊಡ್ಡ ಸಂಸಾರ, ಬೆಳಗಾದರೆ ಹತ್ತು ಜನರ ತಿಂಡಿ. ಅವಳ ಮೈ ಇನ್ನೂ ಹಸಿ. ನಾನು ಹೊರಡುವಾಗ ಅವಳು ಗೇಟಿನವರೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಗೌರಮ್ಮಾ, ನಂಗೆ ಅಮ್ಮನ ಹತ್ರ ಇನ್ನೊಂದಿಷ್ಟು ದಿನ ಇರಬೇಕು. ಏನಾದ್ರೂ ಮಾಡಿ." ವಿಜಯಮ್ಮ ಬಾಗಿಲ ಹಿಂದೆ ನಿಂತಿದ್ದರು. ಅವರ ಮುಖ ನೋಡಲಾಗಲಿಲ್ಲ ನನಗೆ. ಬೀದಿಯಲ್ಲಿ ನಡೆಯುತ್ತಾ ನಿಶ್ಚಯ ಮಾಡಿಬಿಟ್ಟೆ. ಈ ಹುಡುಗಿ ತವರಿನಲ್ಲೇ ಇರಬೇಕು. ಭಾನುವಾರದೊಳಗೆ ಆ ನಲ್ಲಿಯಲ್ಲಿ ಬಿಸಿನೀರು ಬರಲೇಬೇಕು. ಬರುವಂತೆ ಮಾಡದೆ ನಾನು ಬಿಡುವುದಿಲ್ಲ.

ಬುಧವಾರ ಸೋಲಾರ್ ಫಿಟ್ ಮಾಡಿದ ಅಸ್ಲಂ ಬಂದ. ಕಾಮಾಕ್ಷಿಪಾಳ್ಯದವನು, ಮುಲಾಜಿಲ್ಲದ ಮನುಷ್ಯ. ಟೆರೇಸ್ ಹತ್ತಿ ಎಲ್ಲ ತಡಕಿ ನೋಡಿದ. ಕಪ್ಪು ತಗಡಿನ ಮೇಲೆ ಗಾಜು ಹಾಕಿದ ಪ್ಯಾನಲ್ಲು, ಅದರ ತಲೆಯ ಮೇಲೆ ಅಡ್ಡ ಮಲಗಿಸಿದ ಟ್ಯಾಂಕು. ನನಗೂ ಬಿಡಿಸಿ ಹೇಳಿದ. ಪ್ಯಾನಲ್ಲಿನಲ್ಲಿ ಇಡೀ ಹಗಲು ಬಿಸಿಲಿಗೆ ನೀರು ನಿಧಾನವಾಗಿ ಕಾದು ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಮೈ ಸುತ್ತ ದಪ್ಪ ಹೊದಿಕೆ ಇರುವುದರಿಂದ ಫ್ಲಾಸ್ಕಿನಲ್ಲಿ ಹಾಕಿದ ಕಾಫಿಯ ಹಾಗೆ ಮಾರನೆಯ ಬೆಳಗ್ಗೆಯವರೆಗೂ ಬಿಸಿ ನಿಲ್ಲುತ್ತದೆ. ಬಿಸಿನೀರು ಎಷ್ಟು ಹೊರಗೆ ಹೋಯಿತೋ ಅಷ್ಟೇ ತಣ್ಣೀರು ಕೆಳಗಿನಿಂದ ಒಳಗೆ ಬರುತ್ತದೆ.

"ಟ್ಯಾಂಕ್ ಪಕ್ಕಾ ಐತೆ ಸಾರ್. ಲೀಕ್ ಇಲ್ಲ, ಏನೂ ಇಲ್ಲ. ನೀರು ಯಾರೋ ಎಳೀತಾ ಇದಾರೆ. ಬೆಳಗಾಗೋದ್ರಲ್ಲಿ ಟ್ಯಾಂಕ್ ಖಾಲಿ ಆಗಿ ಮತ್ತೆ ತಣ್ಣೀರು ತುಂಬ್ತಾ ಇದೆ" ಎಂದ.

ಶ್ರೀನಿವಾಸಯ್ಯನ ಕಣ್ಣು ನೇರ ಮೇಲಿನ ಪೋರ್ಷನ್ನಿಗೆ ಹೋಯಿತು. ಅಲ್ಲಿದ್ದವನು ಬಸು, ಕೊಪ್ಪಳದ ಕಡೆಯ ಹುಡುಗ. ಕೊರಿಯರ್ ಆಫೀಸಿನಲ್ಲಿ ಕೆಲಸ, ದಿನವಿಡೀ ಬೈಕಿನ ಮೇಲೆ. ಅವನ ಬಚ್ಚಲಿಗೂ ಬಿಸಿನೀರಿನ ಪೈಪು ಕೊಟ್ಟಿದ್ದರು. ಕೆಳಗೆ ಕರೆಸಿದರು.

"ಎಷ್ಟು ನೀರು ಸುರ್ಕೋತೀಯಪ್ಪಾ ಬೆಳಗ್ಗೆ?"

"ಯಾ ನೀರ್ರೀ ಸಾರ್?"

"ಬಿಸಿನೀರು ಕಣೋ."

ಬಸು ನಕ್ಕ. "ನಾ ಆ ನಳಾ ಮುಟ್ಟೇ ಇಲ್ರಿ. ಕೊಪ್ಪಳದ ಬಿಸಲಾಗ ಬೆಳದಾಂವ ನಾ. ಇಲ್ಲಿ ತಣ್ಣೀರ ಜಳಕಾ ನನಗ ಹಬ್ಬ ಇದ್ದಂಗರಿ."

"ಹಂಗಾದ್ರೆ ನೀರಿಗೆ ರೆಕ್ಕೆ ಬಂತೇನಪ್ಪಾ? ನಿಂಗೆ ಮನೆ ಕೊಟ್ಟಿದ್ದೇ ತಪ್ಪಾಯ್ತು. ಬೇರೆ ಮನೆ ನೋಡ್ಕೋ."

ಹುಡುಗನ ನಗು ಹಾರಿಹೋಯಿತು. "ದೇವರಾಣೆ ಮಾಡಿ ಹೇಳ್ತೇನ್ರೀ" ಎಂದು ನನ್ನ ಕಡೆಗೂ ನೋಡಿದ. ಅವನ ಒರಟು ಅಂಗೈ, ಬಿಸಿಲಿಗೆ ಕಪ್ಪಾದ ಮುಖ ನೋಡಿ ನನಗೆ ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ. ಆದರೆ ಅನ್ನಿಸಿದರೆ ಸಾಲದಲ್ಲ, ಕಣ್ಣಾರೆ ನೋಡಬೇಕು. ಬೆಳಗಾಗುವುದರೊಳಗೆ ನೀರು ಹೋಗುತ್ತಿದ್ದರೆ ಬೆಳಗಾಗುವುದರೊಳಗೆ ನಾನಲ್ಲಿರಬೇಕು.

ಗುರುವಾರ ಹಾಲಿನವನ ಸೈಕಲ್ಲಿನ ಜೊತೆ ಜೊತೆಗೇ ಆ ಬೀದಿಗೆ ಹೋದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಎಲ್ಲರ ಮನೆಯ ಮುಂದೆ ನೀರು ಹಾಕಿ ಸಾರಿಸಿದ ನೆಲ. ಆದರೆ ಶಾರದಮ್ಮನವರ ಗೇಟಿನ ಮುಂದೆ ಮಾತ್ರ ನೆಲದಿಂದ ಹಬೆ ಏಳುತ್ತಿತ್ತು! ನಿಂತು ನೋಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಮಾರ್ಗಶಿರದ ಚಳಿಯಲ್ಲಿ ಹೊಸದಾಗಿ ಹಾಕಿದ ರಂಗೋಲಿಯ ಸುತ್ತ ಬೆಳ್ಳಗೆ ಹೊಗೆಯಾಡುತ್ತಿದೆ. ಮೋರಿಯೊಳಗಿಂದಲೂ ಹಬೆ. ಗೇಟು ತೆಗೆದು ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಸೋಲಾರ್ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟಿದ್ದಾರೆ, ಬಿಸಿನೀರು ಧೋ ಎಂದು ಸುರಿಯುತ್ತಿದೆ. ಪಕ್ಕದಲ್ಲಿ ಅಜ್ಜಿ ಒದ್ದೆ ಸೀರೆಯಲ್ಲಿ ಕೈಕಟ್ಟಿ ನಿಂತು ಏನೋ ಸ್ತೋತ್ರ ಗುಣುಗುಣು ಹೇಳಿಕೊಳ್ಳುತ್ತಿದ್ದಾರೆ.

"ಅಜ್ಜೀ! ಏನ್ ಮಾಡ್ತಾ ಇದೀರಾ?"

"ಮುಟ್ಟಬೇಡ, ಮಡೀಲಿದೀನಿ. ತಂಗಳು ನೀರು ಚೆಲ್ತಾ ಇದೀನಿ."

"ತಂಗಳು ನೀರಾ?"

"ನಿನ್ನೇದು ಕಣೇ. ಇಡೀ ರಾತ್ರಿ ಆ ಟ್ಯಾಂಕಿನಲ್ಲಿ ನಿಂತಿರೋ ನೀರು. ಅದನ್ನ ದೇವರಿಗೆ ಇಡೋಕಾಗುತ್ತಾ? ಎಳೆ ಕೂಸಿನ ಮೈಗೆ ಹಾಕೋಕಾಗುತ್ತಾ? ಎಲ್ಲ ಚೆಲ್ಲಿ ಹೊಸ ನೀರು ಬಿಡ್ತೀನಿ. ದಿನಾ ನಾನೇ ಎದ್ದು ಇಷ್ಟು ಶ್ರಮ ಪಡ್ತೀನಿ, ಆ ಹಾಳು ಸೋಲಾರ್ ಮಾತ್ರ ನೀರು ಕಾಯಿಸಿ ಕೊಡಲ್ಲ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಂಗಳನ್ನ ಬಲ್ಲೆ, ತಂಗಳು ಮುದ್ದೆ ಬಲ್ಲೆ, ತಂಗಳು ನೀರೂ ನನಗೆ ಹೊಸ ಮಾತಲ್ಲ. ನಮ್ಮ ಕಡೆ ಮಡಿಯವರು ಬೆಳಗ್ಗೆ ಸೇದಿದ ನೀರನ್ನೇ ದೇವರಿಗೆ ಇಡುವುದು, ಹಿಂದಿನ ದಿನದ ಬಿಂದಿಗೆ ಬೋರಲು ಹಾಕುವುದು. ಅಜ್ಜಿಯ ಲೆಕ್ಕದಲ್ಲಿ ಸೋಲಾರೂ ಒಂದು ಹಂಡೆ. ಹಂಡೆಗೆ ಬೆಳಗ್ಗೆ ಹೊಸ ನೀರು ತುಂಬಿ ಒಲೆ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಕುದಿಯುತ್ತದೆ. ಸೂರ್ಯ ಹುಟ್ಟಿದ ಅಂದರೆ ಮೇಲಿನ ಒಲೆ ಹತ್ತಿತು ಎಂದೇ ಅವರು ತಿಳಿದಿದ್ದರು. ಮನೆಯವರಿಗೆ ಇದು ಗೊತ್ತಾಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಮಡಿ ಮುಗಿಯುವವರೆಗೆ ಹಿತ್ತಲ ಕಡೆ ಯಾರೂ ಕಾಲಿಡುವ ಹಾಗಿರಲಿಲ್ಲ. ಮರಿಮಗನ ಮೇಲಿನ ಮಮತೆಯಿಂದಲೇ ಅವನಿಗೆ ಬೇಕಾದ ಬಿಸಿನೀರನ್ನೆಲ್ಲ ಮುದುಕಿ ದಿನಾ ಮೋರಿಗೆ ಬಿಡುತ್ತಿದ್ದರು.

ಶ್ರೀನಿವಾಸಯ್ಯನಿಗೆ ಹೇಳಿದೆ. ಅವರು ತಲೆಯ ಮೇಲೆ ಕೈಹೊತ್ತು ಕುಳಿತರು. ಆಮೇಲೆ ತಾಯಿಯ ಹತ್ತಿರ ಹೋಗಿ ಏರು ದನಿಯಲ್ಲೇ ಶುರು ಮಾಡಿದರು. "ಅಮ್ಮಾ, ನೀರಿಗೆ ತಂಗಳು ಅನ್ನೋದೇ ಇಲ್ಲ. ಮೇಲಿನ ತೊಟ್ಟೀಲಿರೋದು ಏನು, ಅದೂ ನಿನ್ನೇ ನೀರೇ ಅಲ್ವಾ?"

ಆ ಮಾತು ಆಡಬಾರದಿತ್ತು. ಅಜ್ಜಿ ಇನ್ನೂ ಗಟ್ಟಿಯಾದರು. "ಹಾಗಾದ್ರೆ ನಾನು ಬೀದಿ ನಲ್ಲಿ ನೀರಲ್ಲೇ ನನ್ನ ಮಡಿ ಮಾಡ್ಕೋತೀನಿ. ಆದ್ರೆ ಒಂದು ಮಾತು ಕೇಳ್ಕೋ. ನಾನು ಬದುಕಿರೋವರೆಗೂ ಈ ಮಗು ಮೈಗೆ ತಂಗಳು ನೀರು ಬೀಳೋಕೆ ಬಿಡಲ್ಲ." ಹಾಗೆಂದು ದೇವರಮನೆಯ ಬಾಗಿಲಲ್ಲಿ ಹೋಗಿ ಕುಳಿತುಬಿಟ್ಟರು. ಕಾಫಿಯೂ ಬೇಡ, ತಿಂಡಿಯೂ ಬೇಡ.

ಅಸ್ಲಂನನ್ನು ಮತ್ತೆ ಕರೆಸಿದರು. ಅವನು ನಿಂತಲ್ಲೇ ವಿಷಯ ಕೇಳಿ, ಹಿತ್ತಲ ನಲ್ಲಿಗೆ ಬೀಗ ಹಾಕುವ ತರಹದ್ದು ಬರುತ್ತದೆ, ಹಾಕಿಕೊಡಲೇ ಅಂದ. ಶ್ರೀನಿವಾಸಯ್ಯ ಆಗಲಿ ಅಂದರು. ನಾನು ಬೇಡ ಅಂದೆ. ಹಿರಿಯ ಜೀವದ ಕೈಗೆ ಬೀಗ ಹಾಕಿ ತಂದ ನೀರಿನಲ್ಲಿ ಬಾಣಂತಿಗೆ ಸುಖವಾಗುತ್ತದೆಯೇ? ಅಜ್ಜಿ ಮನಸಾರೆ ಒಪ್ಪಬೇಕು. ಆದರೆ ಒಪ್ಪಿಸುವ ದಾರಿ ನನಗೂ ಕಾಣಲಿಲ್ಲ. ಅಡುಗೆಮನೆಗೆ ಹೋದೆ. ವಿಜಯಮ್ಮ ಒಲೆಯ ಮುಂದೆ ಅದೇ ದೊಡ್ಡ ಪಾತ್ರೆ ಇಟ್ಟುಕೊಂಡು ನಿಂತಿದ್ದರು.

"ವಿಜಯಮ್ಮಾ, ಭಾನುವಾರ ನಿಮ್ಮ ಮಗಳು ಹೋಗ್ತಾಳೆ. ಕಾರು ಬಂದು ನಿಂತಾಗಲೂ ಹೀಗೇ ಪಾತ್ರೆ ನೋಡ್ಕೊಂಡು ನಿಂತಿರ್ತೀರಾ? ಅಜ್ಜಿ ಜೊತೆ ಇಷ್ಟು ವರ್ಷ ಇದ್ದೋರು ನೀವು. ಅವರ ಮಡಿ ನಿಮಗೆ ಗೊತ್ತಿರೋಷ್ಟು ನಮಗ್ಯಾರಿಗೂ ಗೊತ್ತಿಲ್ಲ. ನೀವೇ ಏನಾದ್ರೂ ಹೇಳಿ."

ಅವರು ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡು ದೇವರಮನೆಯ ಬಾಗಿಲಿಗೆ ಹೋದರು. ನಾನು ಹಿಂದೆಯೇ ಹೋದೆ.

"ಅತ್ತೆ, ಒಂದು ಕೇಳ್ತೀನಿ. ದೀಪಾವಳೀಲಿ ನೀರು ತುಂಬೋ ಹಬ್ಬ ಮಾಡ್ತೀವಲ್ಲ..."

"ಮಾಡ್ತೀವಿ. ಅದಕ್ಕೇನೀಗ?"

"ಹಂಡೆಗೆ ನೀರು ತುಂಬೋದು ಯಾವಾಗ?"

"ಸಂಜೆ. ಗೊತ್ತಿಲ್ವಾ ನಿಂಗೆ?"

"ಅದೇ ನೀರಲ್ಲಿ ಎಣ್ಣೆಸ್ನಾನ ಮಾಡೋದು?"

"ಮಾರನೇ ದಿನ ಬೆಳಗ್ಗೆ."

"ಹಾಗಾದ್ರೆ ಅದು ತಂಗಳಾ ಅತ್ತೆ?"

ಓದುಗರಲ್ಲಿ ಈ ಹಬ್ಬ ಮಾಡದವರಿದ್ದರೆ ಹೇಳುತ್ತೇನೆ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲು ತೊಳೆದು, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಚೆಂಡುಹೂವು ಕಟ್ಟಿ, ಹೊಸ ನೀರು ತುಂಬಿ ಗಂಗಮ್ಮನ ಪೂಜೆ ಮಾಡುತ್ತೇವೆ. ಇಡೀ ರಾತ್ರಿ ನಿಂತ ಆ ನೀರಿನಲ್ಲೇ ಮುಂಜಾನೆ ಎಲ್ಲರೂ ಮೀಯುವುದು. ಅದಕ್ಕಿಂತ ಪವಿತ್ರ ಸ್ನಾನ ವರ್ಷದಲ್ಲಿ ಇನ್ನೊಂದಿಲ್ಲ.

ಅಜ್ಜಿ, "ಅದು ಪೂಜೆ ಮಾಡಿದ ನೀರು ಕಣೇ" ಎಂದರು.

"ಹಾಗಾದ್ರೆ ಇದಕ್ಕೂ ಮಾಡೋಣ."

"ದಿನಾನಾ?"

"ದಿನಾ ಸಂಜೆ. ನಾನು ಹೂ ಕಟ್ಟಿ ಕೊಡ್ತೀನಿ, ನೀವು ಪೂಜೆ ಮಾಡಿ."

ಅಜ್ಜಿ ಸೊಸೆಯನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಅವರ ಮುಖ ಸಡಿಲವಾಯಿತು. "ನೋಡಿದ್ಯಾ ಗೌರಮ್ಮ, ನನ್ನ ಸೊಸೆ ಬಾಯಲ್ಲಿ ಇಷ್ಟು ಮಾತಿದೆ ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ!" ಎಂದು ನಕ್ಕುಬಿಟ್ಟರು. ವಿಜಯಮ್ಮನಿಗೆ ಕಣ್ಣು ತುಂಬಿ ಬಂತು. ನನಗಂತೂ ಅಲ್ಲೇ ಕುಣಿಯುವ ಹಾಗಾಯಿತು!

ಆದರೂ ಅಜ್ಜಿ ಒಂದು ಕೊಕ್ಕೆ ಹಾಕಿದರು. ಪೂಜೆ ಮಾಡಿದರೂ ಸ್ವಲ್ಪವಾದರೂ ಚೆಲ್ಲದೆ ಆ ನೀರು ಮುಟ್ಟುವುದು ಹೇಗೆ, ತಮ್ಮ ಮನಸ್ಸು ಒಪ್ಪುವುದಿಲ್ಲ ಎಂದರು. ಬಾಗಿಲ ಹೊರಗೆ ನಿಂತಿದ್ದ ಅಸ್ಲಂ ಅಲ್ಲಿಂದಲೇ, "ಚೆಲ್ಲಿ ಅಜ್ಜಿ, ಒಂದು ಬಕೆಟ್ ಚೆಲ್ಲಿ! ಟ್ಯಾಂಕಿಂದ ಬಚ್ಚಲಿಗೆ ಬರೋ ಪೈಪಲ್ಲಿ ನಿಂತಿರೋ ನೀರು ಹೆಂಗಿದ್ರೂ ತಣ್ಣಗೇ ಬರೋದು. ನಿಮ್ಮ ತಂಗಳು ಅದೇ. ಅದರ ಹಿಂದೆ ಬರೋದು ಗಂಗಮ್ಮ" ಎಂದ. ಅಜ್ಜಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಅವನಿಗೆ ಅಲ್ಲೇ ಕಾಫಿ ತರಿಸಿದರು. ಆ ಬಕೆಟ್ಟಿನ ನೀರು ದಾಸವಾಳದ ಗಿಡಕ್ಕೆ ಎಂದೂ ತೀರ್ಮಾನವಾಯಿತು.

ಆ ಸಂಜೆಯ ಮೆರವಣಿಗೆ ನೀವು ನೋಡಬೇಕಿತ್ತು! ಅಜ್ಜಿಗೆ ಮಂಡಿ ನೋವು, ಟೆರೇಸ್ ಹತ್ತಿದವರೇ ಅಲ್ಲ. ಹತ್ತೇ ಹತ್ತುತ್ತೇನೆ ಎಂದು ಹಟ ಹಿಡಿದರು. ಒಂದು ಕಡೆ ಸೊಸೆ, ಇನ್ನೊಂದು ಕಡೆ ನಾನು. ಪ್ರತಿ ತಿರುವಿನಲ್ಲೂ ಕೂರಲು ಕುರ್ಚಿ ಹೊತ್ತು ಹಿಂದೆ ಬಂದವನು ಬಸು. ಮೆಟ್ಟಿಲ ನಡುವೆ ಕುರ್ಚಿಯಲ್ಲಿ ಕುಳಿತು ಅಜ್ಜಿ ಅವನ ಕೈ ಹಿಡಿದುಕೊಂಡರು. "ನಿನ್ನ ಮೇಲೆ ಗೂಬೆ ಕೂರಿಸಿದ್ರಲ್ಲಪ್ಪಾ. ನೀರು ಚೆಲ್ಲಿದ ಕಳ್ಳಿ ನಾನು ಕಣೋ. ಮನೆಗಿನೆ ಬಿಟ್ಟು ಹೋದ್ರೆ ನೋಡು ಮತ್ತೆ." ಬಸು, "ಎಲ್ಲಿ ಹೋಗಲ್ರೀ ಅಜ್ಜಿ, ನಿಮ್ಮ ಕುರ್ಚಿ ಹೊರೋರ್ ಯಾರ್ರೀ ಮತ್ತ?" ಎಂದ. ಶ್ರೀನಿವಾಸಯ್ಯ ಅವನ ಹೆಗಲ ಮೇಲೆ ಕೈ ಇಟ್ಟರು. ಟ್ಯಾಂಕನ್ನು ಮೊದಲ ಸಲ ಕಂಡ ಅಜ್ಜಿ ಕುರ್ಚಿಯಿಂದ ಎದ್ದು ನಿಂತರು. "ಅಯ್ಯೋ, ಇದು ಮಲಗಿರೋ ಹಂಡೆ ಕಣೇ!" ಎಂದು ಅದರ ಹೊಟ್ಟೆಯ ಮೇಲೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಎತ್ತಿದರು.

ಶುಕ್ರವಾರ ಬೆಳಗ್ಗೆ ನೀರು ಹೇಗೆ ಬಂತು ಅಂತೀರಿ! ಬಕೆಟ್ಟು ದಾಟಿದ್ದೇ ತಡ, ಬಚ್ಚಲು ತುಂಬ ಹಬೆ. ಸುಮಾಳ ಸೊಂಟಕ್ಕೆ ಕೈ ಸೋಲುವವರೆಗೆ ಹೊಡೆದೆ. ಎಲ್ಲ ಗೆದ್ದೆವು ಎಂದುಕೊಂಡೆ. ಆದರೆ ಶನಿವಾರ ಎದ್ದು ನೋಡಿದರೆ ಆಕಾಶಕ್ಕೆ ಆಕಾಶವೇ ಮುಚ್ಚಿಕೊಂಡಿದೆ. ಜಿಟಿಜಿಟಿ ಮಳೆ, ಸೂರ್ಯನ ಸುಳಿವಿಲ್ಲ. ಮಾರನೆಯ ದಿನ ಕಾರು ಬರುತ್ತದೆ. ಶ್ರೀನಿವಾಸಯ್ಯನ ಮುಖ ಬಿದ್ದುಹೋಯಿತು. "ಬಾಡಿಗೆಗಾದ್ರೂ ಒಂದು ಗೀಸರ್ ತರ್ಲಾ ಗೌರಮ್ಮ?" ಎಂದರು.

"ನೋಡೋಣ ತಡೀರಿ. ಇರೋ ಬಿಸೀನ ಮೊದಲು ಉಳಿಸ್ಕೊಳೋಣ" ಎಂದೆ. ಶುಕ್ರವಾರದ ಬಿಸಿ ಟ್ಯಾಂಕಿನಲ್ಲಿ ಇನ್ನೂ ಅಷ್ಟಿಷ್ಟು ಉಳಿದಿತ್ತು. ಆ ದಿನ ಮನೆಯಲ್ಲಿ ಯಾರೂ ಬಿಸಿ ನಲ್ಲಿ ಮುಟ್ಟಬಾರದೆಂದು ಅಪ್ಪಣೆ ಮಾಡಿದೆ. ಶ್ರೀನಿವಾಸಯ್ಯ ತಣ್ಣೀರಿನಲ್ಲಿ ಮಿಂದು ಹಲ್ಲು ಕಟಕಟಿಸುತ್ತಾ ಹೊರಬಂದಾಗ ಬಸು ಮೇಲಿನಿಂದ, "ಹೆಂಗೈತ್ರೀ ಸಾರ್ ನಮ್ಮ ಹಬ್ಬ?" ಎಂದು ಕೂಗಿದ. ಸುಮಾಗೆ ಅವತ್ತು ತಲೆಗೆ ನೀರಿಲ್ಲ, ಗ್ಯಾಸಿನ ಒಂದು ಪಾತ್ರೆಯಲ್ಲೇ ತಾಯಿ ಮಗುವಿನ ಮೈ ಒರೆಸಿ ಮುಗಿಸಿದೆ. ಆಮೇಲೆ ಟೆರೇಸಿಗೆ ಹೋದರೆ ಏನು ನೋಡುವುದು? ಮಗುವಿನ ಬಟ್ಟೆ ಒಣಗಲು ಕಟ್ಟಿದ ಹಗ್ಗ ಸರಿಯಾಗಿ ಪ್ಯಾನಲ್ಲಿನ ಎದುರಿಗೇ ಇದೆ, ಹಿಂದಿನ ದಿನ ಹಾಕಿ ಮರೆತ ವಿಜಯಮ್ಮನ ಸೀರೆ ಪ್ಯಾನಲ್ಲಿನ ಅರ್ಧ ಮೈಗೆ ಅಡ್ಡ. ಗಾಜಿನ ಮೇಲೆ ಪಕ್ಕದ ಸೈಟಿನ ಸಿಮೆಂಟ್ ಧೂಳು ಮೆತ್ತಿಕೊಂಡು ಕೂತಿದೆ. ಹಗ್ಗ ಬಿಚ್ಚಿ ಆಚೆ ಮೂಲೆಗೆ ಕಟ್ಟಿದೆವು. ಬಸು ಗಾಜನ್ನು ತನ್ನ ಬೈಕಿಗಿಂತ ಚೆನ್ನಾಗಿ ತಿಕ್ಕಿ ತೊಳೆದ. ಮಧ್ಯಾಹ್ನ ಮೋಡ ಸ್ವಲ್ಪ ಹರಿದು ಎಳೆ ಬಿಸಿಲು ಬಿತ್ತು. ಅದೂ ಎಷ್ಟು, ಊಟ ಮಾಡಿ ಎಲೆ ಎತ್ತುವಷ್ಟು ಹೊತ್ತು, ಆಮೇಲೆ ಮತ್ತೊಂದಿಷ್ಟು. ಸಂಜೆ ಅಜ್ಜಿ ಛತ್ರಿಯ ಕೆಳಗೆ ಪೂಜೆ ಮಾಡಿದರು.

ಭಾನುವಾರ ನಾಗವೇಣಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಹಾಲಿನಲ್ಲಿ ಸುಮಾಳ ಬ್ಯಾಗು ಕಟ್ಟಿ ಇಟ್ಟಿತ್ತು. ನಾನು ಬಚ್ಚಲಿನಲ್ಲಿ ಎಣ್ಣೆ ಬಟ್ಟಲು ಇಟ್ಟುಕೊಂಡು ಕುಳಿತಿದ್ದೆ. ಬೀಗಿತ್ತಿ ನೇರ ಒಳಗೆ ಬಂದು, ಸೀರೆ ಎತ್ತಿಕೊಂಡು, ತಾವೇ ನಲ್ಲಿ ತಿರುಗಿಸಿ ಕೈ ಒಡ್ಡಿದರು.

"ನೋಡಿದ್ರಾ? ತಣ್ಣಗೆ ಕೊರೀತಾ ಇದೆ! ನಾನು ಹೇಳಿದ್ದೇ ಸರಿ. ನಡಿ ಸುಮಾ."

"ತಡೀರಿ ಬೀಗಿತ್ತೀ" ಎಂದು ಅಜ್ಜಿ ಬಕೆಟ್ಟು ನಲ್ಲಿಯ ಕೆಳಗೆ ತಳ್ಳಿದರು. "ಅದು ತಂಗಳು. ಗಿಡಕ್ಕೆ ಹೋಗೋದು. ಗಂಗಮ್ಮ ಬರ್ತಾ ಇದಾಳೆ ಹಿಂದೆ."

ಬಕೆಟ್ಟು ತುಂಬುತ್ತಿದೆ. ವಿಜಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಾರೆ. ಸುಮಾ ಮಗುವನ್ನು ಎದೆಗವಚಿಕೊಂಡಿದ್ದಾಳೆ. ಶನಿವಾರದ ಆ ಚೂರುಪಾರು ಬಿಸಿಲು ಸಾಕಾಯಿತೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಬಕೆಟ್ಟು ಸರಿಸಿ, "ಈಗ ಇಡಿ ಕೈ" ಎಂದೆ. ನಾಗವೇಣಮ್ಮ ಕೈ ಒಡ್ಡಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ, "ಅಯ್ಯಪ್ಪಾ!" ಎಂದು ಕೈ ಹಿಂದಕ್ಕೆ ಎಳೆದುಕೊಂಡರು.

ನಾನು ಸುಮಾಳನ್ನು ಮಣೆಯ ಮೇಲೆ ಕೂರಿಸಿ ಕೆಲಸ ಶುರು ಮಾಡಿದೆ. ಬೀಗಿತ್ತಿ ಬಾಗಿಲಲ್ಲೇ ನಿಂತು ಕೊನೆಯವರೆಗೂ ನೋಡಿದರು. ಆಮೇಲೆ ಮಗು. ಮೊಣಕಾಲ ಮೇಲೆ ಮಲಗಿಸಿ ಬೆಚ್ಚಗಿನ ನೀರು ಹೊಯ್ದರೆ ಅಳಲಿಲ್ಲ, ಆಕಳಿಸಿತು. ಸಾಂಬ್ರಾಣಿ ಹೊಗೆ ತೋರಿಸಿ ಸುತ್ತಿ ಕೊಟ್ಟೆ. ನಾಗವೇಣಮ್ಮ ಮೊಮ್ಮಗನನ್ನು ಎತ್ತಿಕೊಂಡು, ಅವನ ನೆತ್ತಿ ಮೂಸಿದರು. ಟ್ಯಾಂಕಿನಲ್ಲಿ ಇನ್ನೂ ನೀರಿದೆಯೇ ಎಂದು ಕೇಳಿದರು. ಇದೆ ಎಂದೆ. ಮಗುವನ್ನು ವಿಜಯಮ್ಮನ ಕೈಗಿಟ್ಟು ಮೆಲ್ಲಗೆ, "ನನ್ನ ಸೊಂಟಕ್ಕೂ ಎರಡು ಚೊಂಬು ಹೊಡೀತೀರಾ ಗೌರಮ್ಮ? ಮೂವರನ್ನ ಹೆತ್ತೆ, ಹೀಗೆ ನೀರು ಹಾಕಿಸ್ಕೊಂಡೋಳಲ್ಲ ನಾನು" ಎಂದರು.

ಹಾಕಿದೆ ನೋಡಿ! ಎರಡಲ್ಲ, ನೀರು ಮುಗಿಯುವವರೆಗೂ ಹಾಕಿದೆ. ಆ ಹೆಂಗಸು ಕಣ್ಣು ಮುಚ್ಚಿಕೊಂಡು "ಹಾಂ, ಅಲ್ಲೇ, ಅಲ್ಲೇ" ಅನ್ನುತ್ತಿದ್ದರೆ ಹೊರಗೆ ಹಾಲಿನಲ್ಲಿ ಸುಮಾ ಬ್ಯಾಗು ಬಿಚ್ಚಿ ಬಟ್ಟೆಗಳನ್ನು ಬೀರುವಿನಲ್ಲಿ ಜೋಡಿಸುವ ಸದ್ದು ನನಗೆ ಕೇಳಿಸುತ್ತಿತ್ತು. ಬಾಣಂತನ ಪೂರ್ತಿ ಮುಗಿಸಿಕೊಂಡೇ ಅವಳು ಹೋದಳು. ಗೀಸರ್ ಆ ಮನೆಗೆ ಮತ್ತೆ ಬರಲಿಲ್ಲ.

ಆಮೇಲೆ ಎಷ್ಟೋ ಮನೆಗಳಿಗೆ ಹೋದೆ. ಸೋಲಾರ್ ಇದ್ದ ಮನೆ, ಗ್ಯಾಸ್ ಗೀಸರ್ ಇದ್ದ ಮನೆ, ಕಟ್ಟಿಗೆ ಒಲೆಯ ಮನೆ. ನೀರು ಬಿಸಿ ಬರುವುದಿಲ್ಲ, ಬಿಲ್ಲು ಜಾಸ್ತಿ, ಸಾಮಾನು ಕೆಟ್ಟಿದೆ, ಬದಲಾಯಿಸಬೇಕು ಎಂದು ಎಲ್ಲರೂ ಹೇಳುವವರೇ. ಶಾಖ ಎಲ್ಲಿಂದ ಬಂದರೂ ಕೊನೆಗೆ ಅದು ಹೋಗುವುದು ಮನುಷ್ಯರ ಕೈಯಿಂದ, ಆ ಕೈಯ ಹಿಂದೆ ಒಂದು ನಂಬಿಕೆ ಇರುತ್ತದೆ, ಬಹಳ ಸಲ ಒಂದು ಪ್ರೀತಿಯೂ ಇರುತ್ತದೆ. ಅದನ್ನು ತಿಳಿಯದೆ ಯಂತ್ರ ಬದಲಾಯಿಸಿ ಏನು ಬಂತು? ಹಾಗಾಗಿ ಹೊಸ ಮನೆಗೆ ಕಾಲಿಟ್ಟ ದಿನ ನಾನು ನಲ್ಲಿ ಮುಟ್ಟುತ್ತಿರಲಿಲ್ಲ. "ಈ ಮನೇಲಿ ಎಲ್ಲರಿಗಿಂತ ಮೊದಲು ಏಳೋರು ಯಾರು?" ಎಂದು ಕೇಳುತ್ತಿದ್ದೆ. ಅವರ ಪಕ್ಕದಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದು, ಬೆಳಗ್ಗೆ ಎದ್ದು ಏನೇನು ಮಾಡುತ್ತಾರೆಂದು ಕೇಳಿಸಿಕೊಂಡ ಮೇಲೆಯೇ ನನ್ನ ಕೆಲಸ ಶುರು.